ದೊಡ್ಡ ಕ್ಯಾಂಪರ್ ಎಳೆಯಲು ಈ ಪಿಕಪ್ ಸಾಕೇ? ಬಾಗಿಲಿನ ಚೀಟಿಯಿಂದ ಲೆಕ್ಕ ಶುರುಮಾಡಿ

ಪಿಕಪ್ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಒಂದೇ ಸಂಖ್ಯೆ: ಎಷ್ಟು ಕೆಜಿ ಎಳೆಯುತ್ತದೆ ಎನ್ನುವುದು. ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಅದರ ಬ್ರೋಷರಿನಲ್ಲೂ ಒಂದೇ ಸಂಖ್ಯೆ: ಖಾಲಿ ತೂಕ. ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲನೆಯದು ದೊಡ್ಡದಿದ್ದರೆ ಜೋಡಿ ಸರಿಹೋಯಿತು ಎಂದು ಬಹಳ ಜನ ತೀರ್ಮಾನಿಸುತ್ತಾರೆ. ಆದರೆ ಯಾವ ಕುಟುಂಬವೂ ಖಾಲಿ ಕ್ಯಾಂಪರ್ ಎಳೆದುಕೊಂಡು ಹೋಗುವುದಿಲ್ಲ, ಖಾಲಿ ಪಿಕಪ್ಪಿನಲ್ಲೂ ಹೋಗುವುದಿಲ್ಲ. ದೊಡ್ಡ ಕ್ಯಾಂಪರಿನ ವಿಷಯದಲ್ಲಿ ಎಳೆಯುವ ಮಿತಿ ಮುಟ್ಟುವ ಎಷ್ಟೋ ಮೊದಲೇ ಹೊರುವ ಮಿತಿ, ಅಂದರೆ ಪೇಲೋಡ್, ಮುಗಿದುಹೋಗಿರುತ್ತದೆ. ಅದಕ್ಕೇ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬೇಕು.

ಉತ್ತರ ಅಮೆರಿಕದ ಗಾಡಿಗಳಲ್ಲಿ ಪೇಲೋಡ್ ಎಷ್ಟೆಂದು ಡ್ರೈವರ್ ಬಾಗಿಲು ತೆರೆದರೆ ಸಿಗುತ್ತದೆ. ಬಾಗಿಲಿನ ಕಂಬದ ಮೇಲೆ ಟೈರಿನ ಅಳತೆ, ಗಾಳಿಯ ಒತ್ತಡ ಬರೆದಿರುವ ಒಂದು ಚೀಟಿ ಇರುತ್ತದೆ. ಗಾಡಿಯಲ್ಲಿ ಕೂರುವವರೂ ಸಾಮಾನೂ ಸೇರಿ ಇಂತಿಷ್ಟು ಕೆಜಿ ಮೀರಬಾರದು ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಆ ಸಂಖ್ಯೆ ನಿಮ್ಮ ಕಣ್ಣೆದುರಿಗಿರುವ ಆ ಒಂದು ಗಾಡಿಯದು, ಆ ಮಾಡೆಲ್‌ಗೆಲ್ಲ ಅನ್ವಯಿಸುವುದಲ್ಲ. ಒಂದೇ ಮಾಡೆಲ್, ಒಂದೇ ಎಂಜಿನ್ ಇದ್ದರೂ ನಾಲ್ಕು ಚಕ್ರದ ಡ್ರೈವ್, ಸನ್‌ರೂಫ್, ದೊಡ್ಡ ಕ್ಯಾಬಿನ್, ಐಷಾರಾಮಿ ಸೀಟು ಸೇರುತ್ತಾ ಹೋದಂತೆ ಗಾಡಿಯ ತೂಕ ಏರುತ್ತದೆ, ಏರಿದಷ್ಟೂ ಪೇಲೋಡ್ ಇಳಿಯುತ್ತದೆ. ಡೀಸೆಲ್ ಎಂಜಿನ್ನಿನ ಕಥೆಯೂ ಇದೇ. ಎಳೆಯುವ ಬಲ ಹೆಚ್ಚು, ಆದರೆ ಎಂಜಿನ್ನೇ ಭಾರ. ಒಟ್ಟು ತೂಕದ ಮಿತಿ ಒಂದೇ ಆಗಿದ್ದಾಗ ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿ ಹೊರುವುದು ಕಡಿಮೆ. ಕೊಳ್ಳುವ ಮುನ್ನ ಆ ಗಾಡಿಯದೇ ಚೀಟಿಯ ಫೋಟೋ ಕೇಳಿ. ಮಾರುವವರು ಬಾಯಲ್ಲಿ ಹೇಳಿದ ಸಂಖ್ಯೆಯನ್ನು ನಂಬಿಕೊಂಡು ಮುಂದುವರಿಯಬೇಡಿ.

ಆ ಪೇಲೋಡಿನೊಳಗೆ ಏನೇನು ಬರುತ್ತದೆ? ಡ್ರೈವರ್, ಉಳಿದವರು, ಸಾಕುಪ್ರಾಣಿ, ಹಿಂದಿನ ಬೆಡ್‌ನಲ್ಲಿ (ತೆರೆದ ತೊಟ್ಟಿಯಲ್ಲಿ) ಹಾಕಿದ ಸಾಮಾನು, ಕೊಂಡ ಮೇಲೆ ಜೋಡಿಸಿದ ಬೆಡ್ ಕವರ್, ಹಿಚ್ಚಿನ (ಟ್ರೇಲರ್ ಕೂಡಿಸುವ ಕೊಂಡಿಯ) ಕಬ್ಬಿಣ, ಇಷ್ಟರ ಮೇಲೆ ಕ್ಯಾಂಪರಿನ ಮೂತಿ ಹಿಚ್ ಬಾಲಿನ (ಕೊಂಡಿಯ ಉಕ್ಕಿನ ಗುಂಡಿನ) ಮೇಲೆ ಒತ್ತುವ ಭಾರ. ಈ ಕೊನೆಯದನ್ನೇ ಟಂಗ್ ವೇಟ್ ಎನ್ನುವುದು. ಹಿಂದಿನ ಬಂಪರ್ ಕಡೆಯ ಬಾಲಿಗೆ ಕೂಡಿಸುವ ಟ್ರಾವೆಲ್ ಟ್ರೇಲರುಗಳಲ್ಲಿ ಇದು ತುಂಬಿದ ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಇರಬೇಕು. ಲೆಕ್ಕಕ್ಕೆ ಶೇ. 13 ಇಟ್ಟುಕೊಳ್ಳುವುದು ವಾಸ್ತವಕ್ಕೆ ಹತ್ತಿರ. ಶೇ. 10 ಹಿಡಿದರೆ ಕಾಗದದ ಮೇಲೆ ಎಲ್ಲವೂ ಸುಲಭವಾಗಿ ಹೊಂದುತ್ತದೆ, ಆದರೆ ಉದ್ದದ ಟ್ರೇಲರು ಅಷ್ಟು ಹಗುರ ಮೂತಿಯಲ್ಲಿ ನೆಟ್ಟಗೆ ಓಡುವುದು ಕಷ್ಟ.

ಒಂದು ಗಾಡಿಯನ್ನು ಊಹಿಸಿಕೊಳ್ಳೋಣ. ಟೋ ರೇಟಿಂಗ್, ಅಂದರೆ ಜಾಹೀರಾತಿನ ಎಳೆಯುವ ಮಿತಿ, 4,500 ಕೆಜಿ. ಚೀಟಿಯಲ್ಲಿರುವ ಪೇಲೋಡ್ 720 ಕೆಜಿ. ಮನೆಯ ನಾಲ್ವರು ಸೇರಿ 260 ಕೆಜಿ. ಉಪಕರಣ, ಬೆಡ್ ಕವರ್, ಸೌದೆ, ಕುರ್ಚಿ ಇತ್ಯಾದಿ 90 ಕೆಜಿ. ಮೂತಿಯ ಭಾರವನ್ನು ಆಕ್ಸಲ್‌ಗಳಿಗೆ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 40 ಕೆಜಿ. ಟಂಗ್ ವೇಟಿಗೆ ಉಳಿದದ್ದು 330 ಕೆಜಿ. ಅದನ್ನು 0.13ರಿಂದ ಭಾಗಿಸಿ: ಸುಮಾರು 2,540 ಕೆಜಿ. ಜಾಹೀರಾತು 4,500 ಎಂದಿತ್ತು. ಈ ಕುಟುಂಬದ ಮಟ್ಟಿಗೆ ಅದೇ ಗಾಡಿ ಎಳೆಯಬಹುದಾದ ತುಂಬಿದ ಟ್ರೇಲರ್ ಅದಕ್ಕಿಂತ ಸುಮಾರು ಎರಡು ಟನ್ ಕಡಿಮೆ.

ಇಷ್ಟೊಂದು ಅಂತರ ಹೇಗೆ ಬಂತು? ಟೋ ರೇಟಿಂಗ್ ಸುಳ್ಳಲ್ಲ. ಅದು ಹುಟ್ಟುವುದು ಎಸ್‌ಎಇ ಜೆ2807 ಎಂಬ ಪರೀಕ್ಷಾ ಕ್ರಮದಿಂದ. ಅಮೆರಿಕದ ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿ.ಮೀ. ಏರನ್ನು, 38 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಎಸಿ ಪೂರ್ತಿ ಹಾಕಿಕೊಂಡು, ನಿಗದಿತ ಕನಿಷ್ಠ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು ಎನ್ನುವುದು ಅದರ ಒಂದು ಭಾಗ. ಕಠಿಣ ಪರೀಕ್ಷೆಯೇ ಸರಿ. ಆದರೆ ಅದರ ಪ್ರಕಾರ ಗಾಡಿಯೊಳಗೆ ಇರುವವರು ತಲಾ 68 ಕೆಜಿಯ ಇಬ್ಬರೇ, ಟಂಗ್ ವೇಟ್ ಶೇ. 10 ಮಾತ್ರ. ನಾಲ್ವರು ಕೂತು, ಹಿಂದೆ ಸಾಮಾನು ಹೇರಿ, ಶೇ. 13 ಭಾರ ಕೊಟ್ಟಾಗ ನೀವು ಆ ಪರೀಕ್ಷೆಯ ಸ್ಥಿತಿಯಲ್ಲಿ ಇಲ್ಲ.

ಟೋ ರೇಟಿಂಗಿನ ಶೇ. 80ರೊಳಗೆ ಇದ್ದರೆ ಕ್ಷೇಮ ಎಂಬ ಮಾತು ಕ್ಯಾಂಪರ್ ವಲಯದಲ್ಲಿ ಬಹಳ ಓಡಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ನೆಚ್ಚಬಹುದಾದ ಸೂತ್ರವಲ್ಲ. ಮೇಲಿನ ಗಾಡಿಯಲ್ಲಿ ಶೇ. 80 ಎಂದರೆ 3,600 ಕೆಜಿ. ಅದರ ಟಂಗ್ ವೇಟ್ 468 ಕೆಜಿ, ಅಂದರೆ ಪೇಲೋಡ್ 138 ಕೆಜಿ ಮೀರಿತು. ತಪ್ಪು ಸಂಖ್ಯೆಯಿಂದ ಎಷ್ಟು ಶೇಕಡ ಕಳೆದರೂ ಸರಿಯಾದ ಸಂಖ್ಯೆ ಸಿಗುವುದಿಲ್ಲ. ನಿಜವಾದ ಪೇಲೋಡ್ ಲೆಕ್ಕ ಹಾಕಿ, ಅದರ ಮೇಲೆ ಶೇ. 10 ಉಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಕ್ಯಾಂಪರಿನ ನಿಜವಾದ ತೂಕ

ಬ್ರೋಷರಿನ ಖಾಲಿ ತೂಕವನ್ನು ಲೆಕ್ಕದಿಂದ ತೆಗೆದೇ ಬಿಡಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು, ಆಮೇಲೆ ಜೋಡಿಸಿದ ಎರಡನೆಯ ಎಸಿ ಇವು ಅದರಲ್ಲಿ ಬಹುತೇಕ ಸೇರಿರುವುದಿಲ್ಲ. 9 ಕೆಜಿ ಗ್ಯಾಸ್ ಹಿಡಿಯುವ ಪ್ರೊಪೇನ್ ಸಿಲಿಂಡರ್ ತುಂಬಿದಾಗ ಸುಮಾರು 17 ಕೆಜಿ. ದೊಡ್ಡ ಕ್ಯಾಂಪರುಗಳಲ್ಲಿ ಅಂಥವು ಎರಡು ಇರುತ್ತವೆ, ಅದೂ ಮೂತಿಯ ಮೇಲೆ, ಬ್ಯಾಟರಿಗಳ ಪಕ್ಕದಲ್ಲಿ. ಹಾಗಾಗಿ ಬ್ರೋಷರಿನ ಟಂಗ್ ವೇಟ್ ನಿಜಕ್ಕಿಂತ ಸಾಮಾನ್ಯವಾಗಿ ಕಡಿಮೆ. ನೀರು ಲೀಟರಿಗೆ ಒಂದು ಕೆಜಿ. 190 ಲೀಟರಿನ ಟ್ಯಾಂಕ್ ತುಂಬಿದರೆ 190 ಕೆಜಿ. ಪಾತ್ರೆ, ಹಾಸಿಗೆ, ಬಟ್ಟೆ, ದಿನಸಿ, ಉಪಕರಣ ಎಲ್ಲ ಕೂಡಿ ಕುಟುಂಬವೊಂದು ಖಾಲಿ ತೂಕದ ಮೇಲೆ 450ರಿಂದ 700 ಕೆಜಿ ಸೇರಿಸುವುದು ಸಾಮಾನ್ಯ.

ಟ್ರೇಲರಿನ ಎಡಗಡೆ ಮುಂಭಾಗದಲ್ಲಿ ಹೊರಗೆ ಅಂಟಿಸಿದ ಲೇಬಲಿನಲ್ಲಿ ಅದರ ಒಟ್ಟು ತೂಕದ ಮಿತಿ ಇರುತ್ತದೆ. ಜಿವಿಡಬ್ಲ್ಯುಆರ್ ಎಂದು ಬರೆದಿರುವುದು ಅದನ್ನೇ. ಕೊಳ್ಳುವಾಗ ಆ ಮಿತಿಯನ್ನೇ ಟ್ರೇಲರಿನ ತೂಕ ಎಂದು ಹಿಡಿಯಿರಿ. 3,400 ಕೆಜಿ ಮಿತಿಯ ಕ್ಯಾಂಪರಿಗೆ ಗರಿಷ್ಠವಾದ ಶೇ. 15ರಂತೆ ಟಂಗ್ ವೇಟ್ 510 ಕೆಜಿ. ಹಿಚ್ 40, ಜನ 260, ಸಾಮಾನು 90. ಒಟ್ಟು 900 ಕೆಜಿ. ಈಗ ಹುಡುಕಬೇಕಾದದ್ದು ಚೀಟಿಯಲ್ಲಿ 900ಕ್ಕಿಂತ ಹೆಚ್ಚು ಬರೆದಿರುವ ಪಿಕಪ್. ಕ್ಯಾಂಪರ್ ಮೊದಲು ಆರಿಸಿ, ಗಾಡಿ ಆಮೇಲೆ ಆರಿಸುವುದು ಒಳ್ಳೆಯದೆಂದು ಹೇಳುವುದು ಈ ಕಾರಣಕ್ಕೇ.

ಸಾಮಾನು ಎಷ್ಟು ಎನ್ನುವುದರಷ್ಟೇ ಎಲ್ಲಿ ಇಟ್ಟಿದ್ದೀರಿ ಎನ್ನುವುದೂ ಮುಖ್ಯ. ಎತ್ತಿನ ಗಾಡಿಗೆ ಹೇರುವಾಗ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲಿಗೆ ಪೆಟ್ಟು. ಇಲ್ಲಿಯೂ ಅದೇ ತೂಗು. ಬಾಲಿನಿಂದ ಆಕ್ಸಲ್‌ಗಳ ನಡುವಿಗೆ 5.5 ಮೀಟರ್, ಆಕ್ಸಲ್‌ಗಳಿಂದ ಹಿಂದಿನ ಸೈಕಲ್ ರ‍್ಯಾಕಿಗೆ 3.5 ಮೀಟರ್ ಇದೆ ಎನ್ನೋಣ. ರ‍್ಯಾಕಿಗೆ 45 ಕೆಜಿ ಸೈಕಲ್ ಏರಿಸಿದರೆ ಟಂಗ್ ವೇಟ್ ಸುಮಾರು 29 ಕೆಜಿ ಇಳಿಯುತ್ತದೆ. ಇಳಿದ ಭಾರಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ತುದಿಯಲ್ಲಿರುವ ತೂಕವು ಟ್ರೇಲರ್ ಒಮ್ಮೆ ಬಾಲ ಬೀಸಲು ಶುರುಮಾಡಿದರೆ ಅದನ್ನು ನಿಲ್ಲಗೊಡುವುದಿಲ್ಲ. ಭಾರದ ಸಾಮಾನು ಆಕ್ಸಲ್‌ಗಳ ಮೇಲೆ ಅಥವಾ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇರಲಿ. ನೀರಿನ ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದೆಯೋ ಹಿಂದಿದೆಯೋ ತಿಳಿದುಕೊಳ್ಳಿ. ಹಿಂದಿದ್ದರೆ ಟ್ಯಾಂಕ್ ತುಂಬಿಸಿದಾಗ ಮೂತಿ ಹಗುರಾಗುತ್ತದೆ. ಬಳಸಿದ ನೀರಿನ ಟ್ಯಾಂಕ್ ಹಿಂಭಾಗದಲ್ಲಿದ್ದರೆ, ಅದನ್ನು ಖಾಲಿಮಾಡದೆ ವಾಪಸು ಹೊರಟಾಗ ಹೋಗುವಾಗ ನೆಟ್ಟಗಿದ್ದ ಟ್ರೇಲರ್ ಬರುವಾಗ ತೂರಾಡುವುದುಂಟು.

ಟಂಗ್ ವೇಟ್ ಅಳೆಯಲು ಅದಕ್ಕೆಂದೇ ಬರುವ ಮಾಪಕ ಸಿಗುತ್ತದೆ. ಇಲ್ಲದಿದ್ದರೆ ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯೇ ಸಾಕು. ಗಟ್ಟಿಯಾದ ಮರದ ತೊಲೆಯ ಒಂದು ತುದಿಯನ್ನು ತಕ್ಕಡಿಯ ಮೇಲೆ, ಇನ್ನೊಂದು ತುದಿಯನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೆ, ಎರಡರ ನಡುವೆ 90 ಸೆಂ.ಮೀ. ಇರುವಂತೆ ಇಡಿ. ಇಟ್ಟಿಗೆಯ ಆಸರೆಯಿಂದ 30 ಸೆಂ.ಮೀ., ತಕ್ಕಡಿಯಿಂದ 60 ಸೆಂ.ಮೀ. ದೂರದಲ್ಲಿ ಟ್ರೇಲರಿನ ಮೂತಿಯನ್ನು ಇಳಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಟಂಗ್ ವೇಟ್. ತೊಲೆಯ ಸ್ವಂತ ಭಾರವನ್ನು ಮೊದಲೇ ಕಳೆದುಕೊಳ್ಳಿ. ಚಕ್ರಗಳಿಗೆ ಅಡೆ ಕೊಟ್ಟಿರಬೇಕು, ಟ್ರೇಲರ್ ಮಟ್ಟವಾಗಿರಬೇಕು, ಪ್ರಯಾಣಕ್ಕೆ ಹೊರಡುವಾಗ ಇರುವಷ್ಟೇ ಸಾಮಾನು ಒಳಗಿರಬೇಕು.

ಹಿಚ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಾಲು ಹಿಂದಿನ ಆಕ್ಸಲ್‌ಗಿಂತ ಆಚೆಗಿದೆ. ಅಲ್ಲಿ 420 ಕೆಜಿ ಕೂತರೆ ಹಿಂದಿನ ಆಕ್ಸಲ್ ಮೇಲೆ 420ಕ್ಕಿಂತ ಹೆಚ್ಚು ಬೀಳುತ್ತದೆ, ಮುಂದಿನ ಆಕ್ಸಲ್ ಹಗುರಾಗುತ್ತದೆ. ಮುಂಚಕ್ರ ಹಗುರಾದರೆ ಸ್ಟೀರಿಂಗ್ ಸಡಿಲ, ಬ್ರೇಕಿನ ಹಿಡಿತ ಕಡಿಮೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನ ಸ್ಪ್ರಿಂಗ್ ಬಾರುಗಳು, ಅಂದರೆ ಉಕ್ಕಿನ ಸರಳುಗಳು, ಈ ಭಾರದಲ್ಲಿ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲನ್ನು ಟ್ರೇಲರಿನ ಆಕ್ಸಲ್‌ಗಳಿಗೂ ತಳ್ಳುತ್ತವೆ. ಅಷ್ಟೇ ಅದರ ಕೆಲಸ. ಗಾಡಿಯ ಮಿತಿಯನ್ನು ಅದು ಏರಿಸುವುದಿಲ್ಲ. ಸಸ್ಪೆನ್ಷನ್ನಿಗೆ ಏರ್‌ಬ್ಯಾಗ್ (ಗಾಳಿಯ ಸ್ಪ್ರಿಂಗ್), ಹೆಚ್ಚುವರಿ ಪಟ್ಟಿ ಸ್ಪ್ರಿಂಗ್ ಹಾಕಿಸಿದವರೂ ಇದನ್ನು ಮರೆಯಬಾರದು. ಹಿಂಭಾಗ ಎತ್ತರಕ್ಕೆ ನಿಂತಿತು ಎಂದ ಮಾತ್ರಕ್ಕೆ ಆಕ್ಸಲ್, ಟೈರ್, ಬೇರಿಂಗ್, ಬ್ರೇಕ್ ಬಲಗೊಂಡಿಲ್ಲ. ಮೊದಲು ಕಣ್ಣಿಗೆ ಕಾಣುತ್ತಿದ್ದ ಓವರ್‌ಲೋಡ್ ಈಗ ಕಾಣುತ್ತಿಲ್ಲ, ವ್ಯತ್ಯಾಸ ಅಷ್ಟೇ.

ಬಾರುಗಳನ್ನು ಎಷ್ಟು ಬಿಗಿಮಾಡಬೇಕು? ಮುಂಚಕ್ರದ ಮೇಲಿನ ಫೆಂಡರಿನ ಎತ್ತರ ಅಳೆಯಿರಿ. ಟ್ರೇಲರ್ ಇಲ್ಲದಾಗ 95 ಸೆಂ.ಮೀ., ಬಾರಿಲ್ಲದೆ ಕೂಡಿಸಿದಾಗ 98 ಸೆಂ.ಮೀ. ಆಯಿತು ಎನ್ನಿ. ಮುಂಭಾಗ 3 ಸೆಂ.ಮೀ. ಎದ್ದಿದೆ. ಅರ್ಧದಷ್ಟು ಮರಳಿಸಿ ಎಂದು ಕೈಪಿಡಿ ಹೇಳಿದ್ದರೆ 96.5ಕ್ಕೆ ತರಬೇಕು. ಪೂರ್ತಿ ಮರಳಿಸಿ ಎನ್ನುವ ಕೈಪಿಡಿಗಳೂ ಇವೆ. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಅತಿಯಾಗಿ ಬಿಗಿದರೆ ಹಿಂಚಕ್ರಗಳು ಹಗುರಾಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಹಿಚ್ ರಿಸೀವರ್, ಅಂದರೆ ಗಾಡಿಯ ಹಿಂದೆ ಹಿಚ್ ಸಿಕ್ಕಿಸುವ ಕೊಳವೆ, ಅದರ ಮೇಲೂ ಒಂದು ಲೇಬಲ್ ಇರುತ್ತದೆ, ಅದರಲ್ಲಿ ಎರಡು ಜೊತೆ ಸಂಖ್ಯೆಗಳು. ಬಾರು ಇಲ್ಲದೆ ಎಳೆಯುವುದಕ್ಕೆ ಒಂದು, ಬಾರು ಹಾಕಿ ಎಳೆಯುವುದಕ್ಕೆ ಇನ್ನೊಂದು. ಮೊದಲನೆಯದು ಕೆಲವು ಗಾಡಿಗಳಲ್ಲಿ ಟ್ರೇಲರಿಗೆ 2,268 ಕೆಜಿ, ಮೂತಿಗೆ 227 ಕೆಜಿ ಮಾತ್ರ. ಬಾಲಿನ ತಲೆಯ ಮೇಲೂ ಮಿತಿ ಕೊರೆದಿರುತ್ತದೆ. ಇಡೀ ಜೋಡಣೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಸಂಖ್ಯೆಯೇ ನಿಮ್ಮ ಮಿತಿ. 2 ಇಂಚಿನ ಬಾಲಿನ ಮೇಲೆ 2 5/16 ಇಂಚಿನ ಕಪ್ಲರ್ (ಬಾಲನ್ನು ಹಿಡಿಯುವ ಟ್ರೇಲರ್ ಮೂತಿಯ ಬಾಯಿ) ಕೂತಂತೆ ಕಾಣುತ್ತದೆ, ಆದರೆ ರಸ್ತೆಯ ಗುಂಡಿ ಹಾರಿದಾಗ ಕಳಚುತ್ತದೆ. ಅಳತೆ ಓದಿಯೇ ಕೂಡಿಸಿ.

ವೇಬ್ರಿಡ್ಜ್ ಮೇಲೆ ಮೂರು ಸಲ

ಮೇಲಿನದೆಲ್ಲ ಅಂದಾಜು. ನಿಜ ತಿಳಿಯುವುದು ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗುವ ವೇಬ್ರಿಡ್ಜಿನಲ್ಲಿ. ಟ್ಯಾಂಕ್ ತುಂಬ ಇಂಧನ ಹಾಕಿಸಿ, ಎಲ್ಲರೂ ಅವರವರ ಸೀಟಿನಲ್ಲಿ ಕೂತಿರಲಿ. ಮೊದಲ ಸಲ ಬಾರುಗಳನ್ನು ಬಿಗಿದು, ಎರಡನೆಯ ಸಲ ಬಾರುಗಳನ್ನು ಬಿಚ್ಚಿ ಬೆಡ್‌ನಲ್ಲಿಟ್ಟು, ಮೂರನೆಯ ಸಲ ಟ್ರೇಲರ್ ಕಳಚಿಟ್ಟು ಗಾಡಿಯನ್ನಷ್ಟೇ ತೂಗಿ. ಹಿಚ್ಚಿನ ತಲೆ ಗಾಡಿಯಲ್ಲೇ ಇರಲಿ.

ನಮ್ಮ ಅದೇ ಗಾಡಿಗೆ ಒಟ್ಟು 3,200 ಕೆಜಿ ತೂಗುವ ಟ್ರೇಲರ್ ಕಟ್ಟಿ ನೋಡೋಣ. ಗಾಡಿಯ ಒಟ್ಟು ತೂಕದ ಮಿತಿ 3,200 ಕೆಜಿ, ಹಿಂದಿನ ಆಕ್ಸಲ್ ಮಿತಿ 1,800, ಗಾಡಿ ಮತ್ತು ಟ್ರೇಲರ್ ಕೂಡಿದ ಮಿತಿ, ಅಂದರೆ ಜಿಸಿಡಬ್ಲ್ಯುಆರ್, 7,120. ಗಾಡಿಯೊಂದೇ ಇದ್ದಾಗ ಮುಂದೆ 1,480, ಹಿಂದೆ 1,390, ಒಟ್ಟು 2,870. ಬಾರಿಲ್ಲದೆ ಕೂಡಿಸಿದಾಗ ಮುಂದೆ 1,330, ಹಿಂದೆ 1,960, ಒಟ್ಟು 3,290. ಎರಡರ ವ್ಯತ್ಯಾಸ 420 ಕೆಜಿ, ಅದೇ ಟಂಗ್ ವೇಟ್, ಶೇ. 13. ಬಾರು ಬಿಗಿದಾಗ ಮುಂದೆ 1,440, ಹಿಂದೆ 1,790; ಒಟ್ಟು 3,230, ಟ್ರೇಲರ್ ಆಕ್ಸಲ್‌ಗಳ ಮೇಲೆ 2,840. ಮುಂದಿನ ಆಕ್ಸಲ್ ಕಳೆದುಕೊಂಡ 150ರಲ್ಲಿ 110 ಮರಳಿತು, ಹಿಂದಿನ ಆಕ್ಸಲ್ ಕೂದಲೆಳೆಯಲ್ಲಿ ಮಿತಿಯೊಳಗೆ ಬಂತು. ಕೂಡಿದ ತೂಕ 6,070. ಅಲ್ಲಿ ಟನ್ನಿಗಿಂತ ಹೆಚ್ಚು ಬಾಕಿ ಇದೆ. ಟೋ ರೇಟಿಂಗಿಗಿಂತ ಟ್ರೇಲರ್ 1,300 ಕೆಜಿ ಹಗುರ. ಆದರೂ ಗಾಡಿ ತನ್ನ ಮಿತಿಯನ್ನು 30 ಕೆಜಿ ಮೀರಿದೆ, ಹಿಂದಿನ ಆಕ್ಸಲ್‌ನಲ್ಲಿ ಉಳಿದದ್ದು ಹತ್ತೇ ಕೆಜಿ. ಸಾಮಾನನ್ನು ಗಾಡಿಯ ಬೆಡ್‌ನಿಂದ ತೆಗೆದು ಟ್ರೇಲರಿನ ಆಕ್ಸಲ್ ಮೇಲಿಟ್ಟರೆ ಸ್ವಲ್ಪ ನಿಭಾಯಿಸಬಹುದು. ಆದರೆ ಇದು ನೆಮ್ಮದಿಯ ಜೋಡಿಯಲ್ಲ.

ಬಂಪರಿನ ಬದಲು ಪಿಕಪ್ಪಿನ ಬೆಡ್‌ನೊಳಗೇ ಕೂಡಿಸುವ ಫಿಫ್ತ್ ವ್ಹೀಲ್ ಕ್ಯಾಂಪರುಗಳಲ್ಲಿ ಕೂಡುವ ಜಾಗ ಹಿಂದಿನ ಆಕ್ಸಲ್‌ನ ನೇರಕ್ಕೆ ಅಥವಾ ತುಸು ಮುಂದಕ್ಕೆ ಬರುತ್ತದೆ. ಹಾಗಾಗಿ ಮುಂಭಾಗ ಏಳುವುದಿಲ್ಲ, ಓಲಾಟವೂ ಬಹಳ ಕಡಿಮೆ. ಬದಲಿಗೆ ಭಾರ ಹೆಚ್ಚು: ತುಂಬಿದ ತೂಕದ ಶೇ. 20ರಿಂದ 25. ಒಟ್ಟು 5,400 ಕೆಜಿಯ ಕ್ಯಾಂಪರ್ ಶೇ. 22ರಂತೆ 1,188 ಕೆಜಿ ಹೇರುತ್ತದೆ. ಹಿಚ್ 90, ಜನ 260 ಸೇರಿದರೆ 1,538. ಅರ್ಧ-ಟನ್ ಎಂದು ಕರೆಯುವ ಪಿಕಪ್ಪುಗಳ (ಇದು ವರ್ಗದ ಹೆಸರು, ಹೊರುವ ಮಿತಿಯಲ್ಲ) ಅಳವಿಗೆ ಇದು ಮೀರಿದ್ದು. ಇದಕ್ಕಿಂತ ದೊಡ್ಡ ಫಿಫ್ತ್ ವ್ಹೀಲಿಗೆ ಹಿಂದೆ ನಾಲ್ಕು ಟೈರಿರುವ ಒಂದು-ಟನ್ ವರ್ಗದ ಗಾಡಿಯೇ ತಕ್ಕದ್ದು. ಗಿಡ್ಡ ಬೆಡ್‌ನ ಪಿಕಪ್ ಆದರೆ ಬಿಗಿ ತಿರುವಿನಲ್ಲಿ ಕ್ಯಾಂಪರಿನ ಮೂಲೆ ಕ್ಯಾಬಿನ್ನಿನ ಗಾಜಿಗೆ ಬಡಿಯಬಹುದು. ಹಿಂದಕ್ಕೆ ಸರಿಯುವ ಹಿಚ್ ಬೇಕಾಗುತ್ತದೆ.

ಯುರೋಪಿನ ಸಂಖ್ಯೆಗಳನ್ನು ಇದರೊಡನೆ ಬೆರೆಸಬೇಡಿ. ಅಲ್ಲಿನ ಹಗುರ ಕ್ಯಾರವಾನುಗಳಿಗೆ ಮೂತಿಯ ಭಾರ ಶೇ. 5ರಿಂದ 7 ಸಾಕು ಎನ್ನುತ್ತಾರೆ, ಟೋಬಾರಿನ ಫಲಕದಲ್ಲಿ ಎಸ್ ಎಂಬ ಅಕ್ಷರದ ಮುಂದೆ ಅದರ ಮಿತಿ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಸುಮಾರು ಶೇ. 10. ಅಲ್ಲಿ ಎಟಿಎಂ ಎಂದರೆ ಕಳಚಿಟ್ಟ ಟ್ರೇಲರಿನ ಪೂರ್ತಿ ತೂಕ, ಜಿಟಿಎಂ ಎಂದರೆ ಕೂಡಿಸಿದಾಗ ಅದರ ಚಕ್ರಗಳ ಮೇಲೆ ಬೀಳುವುದಷ್ಟೇ.

ಟೈರ್, ಬ್ರೇಕ್, ಏರು, ಇಳಿಜಾರು

ಎಸ್‌ಟಿ 205/75ಆರ್15 ಅಳತೆಯ, ಲೋಡ್ ರೇಂಜ್ (ಹೊರುವ ಶಕ್ತಿಯ ದರ್ಜೆ) ಸಿ ಇರುವ ಟ್ರೇಲರ್ ಟೈರು 50 ಪಿಎಸ್‌ಐ ಗಾಳಿಯಲ್ಲಿ 826 ಕೆಜಿ ಹೊರುತ್ತದೆ. ಮೇಲಿನ 2,840 ಕೆಜಿಯನ್ನು ನಾಲ್ಕು ಟೈರಿಗೆ ಹಂಚಿದರೆ ತಲಾ 710. ಸಾಕೆಂದು ಕಾಣುತ್ತದೆ. ಆದರೆ ಅಡುಗೆಕಟ್ಟೆ, ಫ್ರಿಜ್, ಹೊರಚಾಚುವ ಸ್ಲೈಡ್ ಒಂದೇ ಪಕ್ಕದಲ್ಲಿದ್ದರೆ ಆ ಬದಿಯ ಟೈರುಗಳ ಮೇಲೆ 800ರ ಹತ್ತಿರ ಬೀಳಬಹುದು. ಗಾಳಿ ಇಳಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ, ಟೈರು ಒಳಗೊಳಗೇ ಕಾಯುತ್ತದೆ, ಕಾದ ಟೈರು ಸಿಡಿದಾಗ ಚಕ್ರದ ಮೇಲಿನ ಗೋಡೆಯನ್ನೂ ಹರಿಯುತ್ತದೆ. ತಣ್ಣಗಿರುವಾಗ ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡದಷ್ಟು ಗಾಳಿ ಹಾಕಿ. ಒಂದು ಲೋಡ್ ರೇಂಜ್ ಮೇಲಿನ ಟೈರು ಹಾಕಿಸಿಕೊಳ್ಳುವುದು ಸಾರ್ಥಕ ಖರ್ಚು; ಆ ಒತ್ತಡವನ್ನು ರಿಮ್ ತಾಳುತ್ತದೆಯೇ ಎಂದು ನೋಡಿಕೊಂಡರೆ ಆಯಿತು.

ಇಂಥ ಕ್ಯಾಂಪರನ್ನು ಗಾಡಿಯ ಬ್ರೇಕೊಂದೇ ನಿಲ್ಲಿಸಲಾರದು. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕಿಗೆ ಕಂಟ್ರೋಲರ್ ಬೇಕು. ಗಾಡಿ ನಿಧಾನವಾಗುವ ರಭಸಕ್ಕೆ ತಕ್ಕಂತೆ ಬ್ರೇಕ್ ಕೊಡುವ ಬಗೆಯದೇ ಇರಲಿ. ಒಣಗಿದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಂಟ್ರೋಲರಿನ ಕೈಗುಂಡಿ ಒತ್ತಿ ನೋಡಿ. ಟ್ರೇಲರ್ ಚಕ್ರ ಕಚ್ಚಿಕೊಂಡು ಜಾರಿದರೆ ಗೇನ್ (ಬ್ರೇಕಿನ ಬಲದ ಮಟ್ಟ) ಇಳಿಸಿ, ಹಿಡಿತ ಸಾಲದಿದ್ದರೆ ಏರಿಸಿ. ಜಾರುವ ಹಂತಕ್ಕೆ ತುಸು ಮೊದಲು ನಿಲ್ಲಿಸಿದರೆ ಸರಿಯಾಯಿತು. ಸೇಫ್ಟಿ ಚೈನುಗಳನ್ನು ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಿದರೆ, ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಚುಚ್ಚದೆ ಚೈನಿನ ಮೇಲೆ ಕೂರುತ್ತದೆ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ತಂತಿಯನ್ನು ಚೈನಿಗೆ ಸಿಕ್ಕಿಸಬಾರದು, ಗಾಡಿಯ ಚೌಕಟ್ಟಿಗೆ ಪ್ರತ್ಯೇಕವಾಗಿ ಕಟ್ಟಬೇಕು.

ಟ್ರೇಲರ್ ಓಲಾಡಲು ಶುರುವಾದರೆ ಗಾಡಿಯ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ, ವೇಗ ಹೆಚ್ಚಿಸಲೂಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಕೊಡಿ. ಹಿಂದಿನಿಂದ ಎಳೆತ ಬಿದ್ದೊಡನೆ ಜೋಡಿ ನೇರವಾಗುತ್ತದೆ. ನಿಂತ ಮೇಲೆ ಕಾರಣ ಹುಡುಕಿ. ಬಹುಮಟ್ಟಿಗೆ ಅದು ಹಗುರ ಮೂತಿ, ಮೆತ್ತಗಾದ ಟೈರು ಅಥವಾ ಅತಿವೇಗ.

ಎತ್ತರದ ಘಟ್ಟಗಳಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿಗೆ ಕೂಡಿದ ತೂಕದ ಮಿತಿಯನ್ನು ಶೇ. 2ರಂತೆ ಇಳಿಸಿ ಎನ್ನುವುದು ತಯಾರಕರ ಟೋಯಿಂಗ್ ಕೈಪಿಡಿಗಳಲ್ಲಿ ಕಾಣುವ ಸಲಹೆ. 2,400 ಮೀಟರಿನಲ್ಲಿ ಅದು ಶೇ. 16. ಟರ್ಬೊ ಎಂಜಿನ್ನುಗಳಿಗೆ ಈ ನಷ್ಟ ಕಡಿಮೆ. ಇಳಿಯುವಾಗ ಟೋ-ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ಸೆಟ್ಟಿಂಗ್) ಹಾಕಿ, ಇಳಿಜಾರಿನ ನೆತ್ತಿಯಲ್ಲೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಬನ್ನಿ. ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ ಪೂರ್ತಿ ಬಿಡಿ. ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಚಕ್ರ ಬಿಚ್ಚಿ ಹಾಕಿದ ಮೇಲೆ ಅಥವಾ ಹೊಸ ಕ್ಯಾಂಪರ್ ತಂದ ಮೇಲೆ ಚಕ್ರದ ನಟ್ಟುಗಳನ್ನು 16, 40 ಮತ್ತು 80 ಕಿ.ಮೀ. ಓಡಿಸಿದ ನಂತರ ಟಾರ್ಕ್ ಪಾನಾದಿಂದ ಮತ್ತೆ ಬಿಗಿಮಾಡಿ. ಎಷ್ಟು ಟಾರ್ಕ್ ಎನ್ನುವುದು ಟ್ರೇಲರ್ ಕೈಪಿಡಿಯಲ್ಲಿದೆ. ಬ್ಯಾಟರಿ ಸೇರಿಸಿದಾಗ, ಸೋಲಾರ್ ಪ್ಯಾನೆಲ್ ಹಾಕಿಸಿದಾಗ, ಮಕ್ಕಳು ಬೆಳೆದು ದೊಡ್ಡವರಾದಾಗ ವೇಬ್ರಿಡ್ಜಿಗೆ ಇನ್ನೊಮ್ಮೆ ಹೋಗಿ, ಮೂರು ಸಲ ತೂಗಿದ ಚೀಟಿಗಳನ್ನು ಗ್ಲೋವ್ ಬಾಕ್ಸಿನಲ್ಲಿ ಹಳೆಯವುಗಳ ಜೊತೆ ಇಟ್ಟುಕೊಳ್ಳಿ.